ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು

ನನ್ನ ತಟ್ಟೆಯಲ್ಲಿ ನಾನು ಎಂದೂ ಜಾಸ್ತಿ ಊಟ ಮಾಡಿದವಳಲ್ಲ. ಇದನ್ನು ದೇವರ ಮುಂದೆ ನಿಂತು ಬೇಕಾದರೂ ಹೇಳುತ್ತೇನೆ. ಬೆಳಿಗ್ಗೆ ಎರಡು ದೋಸೆ, ಅದೂ ಕಾವಲಿಯಲ್ಲಿ ಕೊನೆಗೆ ಬಂದ ಆಕಾರ ಕೆಟ್ಟ ದೋಸೆ; ಮಧ್ಯಾಹ್ನ ಡಬ್ಬಿಯಲ್ಲಿ ಹಿಡಿಯುವಷ್ಟು ಅನ್ನ; ರಾತ್ರಿ ಒಂದು ಸಣ್ಣ ಮುದ್ದೆ. ಇಷ್ಟರಲ್ಲಿ ಯಾರಾದರೂ ದಪ್ಪಗಾಗುತ್ತಾರೆಯೇ? ಆದರೂ ನಾನು ಆದೆ. ಹೇಗೆಂದು ಬಹಳ ದಿನ ನನಗೇ ತಿಳಿಯಲಿಲ್ಲ. ಬೋರ್‌ವೆಲ್ ನೀರಿನ ದೋಷವೋ, ಎರಡನೆಯ ಬಾಣಂತನದ ತುಪ್ಪವೋ, ನಮ್ಮ ತಂದೆಯ ಕಡೆಯವರ ಮೈಕಟ್ಟೋ ಎಂದು ಒಂದೊಂದರ ಮೇಲೆ ತಪ್ಪು ಹೊರಿಸುತ್ತಾ ಬಂದೆ. ಮನೆಯಲ್ಲಿ ಸಣ್ಣ ಮಕ್ಕಳಿರುವ ಹೆಂಗಸು ಎಷ್ಟು ತಟ್ಟೆಯಲ್ಲಿ ಊಟ ಮಾಡುತ್ತಾಳೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಆಗ ನಾವು ನಾಗಸಂದ್ರದಲ್ಲಿದ್ದೆವು. ಈಗಿನ ನಾಗಸಂದ್ರವಲ್ಲ. ತುಮಕೂರು ರಸ್ತೆಯ ಒಂದು ಕಡೆ ಫ್ಯಾಕ್ಟರಿಗಳ ಶೀಟಿನ ಚಾವಣಿ, ಇನ್ನೊಂದು ಕಡೆ ರಾಗಿ ಹೊಲ. ಸಂಜೆಯಾದರೆ ಶಿಫ್ಟು ಮುಗಿಸಿದ ಸೈಕಲ್ಲುಗಳೂ ಮೇಯಲು ಹೋಗಿದ್ದ ದನಗಳೂ ಒಂದೇ ದಾರಿಯಲ್ಲಿ ಒಂದಕ್ಕೊಂದು ಜಾಗ ಬಿಟ್ಟುಕೊಂಡು ಮನೆಗೆ ಬರುತ್ತಿದ್ದವು. ನಾನು ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೀಟರು ಜೋಡಿಸುವ ವಿಭಾಗದಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸುವ ಕೆಲಸ. ಬೆರಳ ತುದಿಗಳು ದುಡಿಯುತ್ತಿದ್ದವು, ಮೈಯ ಉಳಿದ ಭಾಗಕ್ಕೆಲ್ಲ ಸಂಬಳ ಸಹಿತ ರಜೆ. ನಮ್ಮ ಯಜಮಾನರು ಇನ್ನೊಂದು ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಇದ್ದವರು. ಅವರು ಬರುವಾಗ ನಾನು ಹೋಗುತ್ತಿದ್ದೆ, ನಾನು ಬರುವಾಗ ಅವರು ಹೋಗುತ್ತಿದ್ದರು. ಗೇಟಿನ ಹತ್ತಿರ ಎದುರಾದಾಗ ಬೀಗದ ಕೈ ಕೊಟ್ಟು, ಸಾರು ಬಿಸಿ ಮಾಡಿಕೊಳ್ಳಿ ಎಂದು ಹೇಳುವುದೇ ನಮ್ಮ ಸಂಸಾರದ ಮಾತುಕತೆ. ನಮ್ಮಿಬ್ಬರ ನಡುವೆ ಕೈ ಬದಲಾಗುತ್ತಾ ಬೆಳೆಯುತ್ತಿದ್ದವರು ನಾಲ್ಕನೇ ಕ್ಲಾಸಿನ ಸುಮ ಮತ್ತು ಆಗ ತಾನೇ ಸ್ಕೂಲಿಗೆ ಸೇರಿದ್ದ ಅವಳ ತಮ್ಮ ರಘು.

ಈ ಇಬ್ಬರಿಗೂ ತಟ್ಟೆ ಖಾಲಿ ಮಾಡುವ ಅಭ್ಯಾಸವೇ ಇರಲಿಲ್ಲ. ಸುಮ ಉಪ್ಪಿಟ್ಟಿನಲ್ಲಿರುವ ತರಕಾರಿಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಬೇಲಿ ಕಟ್ಟುವವಳು. ರಘು ಅನ್ನವನ್ನು ಗುಡ್ಡ ಮಾಡಿ, ನಡುವೆ ಸಾರಿನ ಕೆರೆ ತೋಡಿ, ಕೆರೆಯ ಒಂದು ದಂಡೆಯನ್ನು ಮಾತ್ರ ತಿಂದು ಎದ್ದು ಹೋಗುವವನು. ಅಷ್ಟು ಹೊತ್ತಿಗೆ ಫ್ಯಾಕ್ಟರಿ ಬಸ್ಸು ರಸ್ತೆಯ ತಿರುವಿನಲ್ಲಿ ಹಾರ್ನ್ ಮಾಡುತ್ತಿತ್ತು. ನಾನು ಒಂದು ಕೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆ ಬೇಲಿಯನ್ನೂ ಈ ಗುಡ್ಡವನ್ನೂ ಬಾಯಿಗೆ ಸಾಗಿಸಿ, ತಟ್ಟೆಗಳನ್ನು ಬಚ್ಚಲಿಗೆ ಇಟ್ಟು ಓಡುತ್ತಿದ್ದೆ. ಎಸೆಯುವ ಮಾತೇ ಇಲ್ಲ. ನಮ್ಮಜ್ಜಿ ಊಟವಾದ ಮೇಲೆ ತಟ್ಟೆಗೆ ಮಜ್ಜಿಗೆ ಸುರಿದು, ಬೆರಳಿನಿಂದ ಸುತ್ತ ಬಳಿದು, ಅದನ್ನೂ ಕುಡಿದು ಏಳುವವಳು. ಅವಳ ಅಡುಗೆಮನೆಯಲ್ಲಿ ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತಿತ್ತು, ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಒಗ್ಗರಣೆ ಕಾಣುತ್ತಿತ್ತು. ಈಗ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳು ಬಂದಿವೆ, ಭೂಮಿಯನ್ನು ಉಳಿಸುವ ಊಟ ಎಂದು ಭಾಷಣ ಮಾಡುತ್ತಾರೆ. ಅಜ್ಜಿಗೆ ಭೂಮಿಯ ಯೋಚನೆ ಇದ್ದಂತೆ ಕಾಣೆ. ಅನ್ನ ಚೆಲ್ಲಿದರೆ ಅವಳಿಗೆ ಸಂಕಟವಾಗುತ್ತಿತ್ತು, ಅಷ್ಟೆ. ಆ ಸಂಕಟ ಆಸ್ತಿಯ ಹಾಗೆ ನನಗೂ ಬಂದಿದೆ. ಅಜ್ಜಿ ತನ್ನದೊಂದೇ ತಟ್ಟೆ ಬಳಿಯುತ್ತಿದ್ದಳು, ನಾನು ಮೂರು ಬಳಿಯುತ್ತಿದ್ದೆ ಎಂಬುದು ಮಾತ್ರ ವ್ಯತ್ಯಾಸ.

ಹೀಗೆ ನನ್ನ ಪಾಡಿಗೆ ಬಳಿದುಕೊಂಡು ಸುಖವಾಗಿಯೇ ಇರುತ್ತಿದ್ದೆನೇನೋ. ಆದರೆ ಮಕ್ಕಳ ಸ್ಕೂಲಿನಲ್ಲಿ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಆಟೋಟದ ದಿನ ನಡೆಯುತ್ತಿತ್ತು, ಅದರಲ್ಲಿ ತಾಯಂದಿರ ಓಟ ಎಂಬುದೊಂದು ಇತ್ತು. ಸುಮ ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಒತ್ತಾಯಕ್ಕೆ ನಾನು ಓಡಿದ್ದೆ. ಓಡಿದ್ದೆ ಎಂದು ನಾನು ಹೇಳುತ್ತೇನೆ, ನೋಡಿದವರು ಬೇರೆ ಪದ ಬಳಸಬಹುದು. ಅರ್ಧ ದಾರಿಯಲ್ಲೇ ಉಸಿರು ನನ್ನನ್ನು ಬಿಟ್ಟು ಹೋಯಿತು. ಚಪ್ಪಲಿ ಕಿತ್ತುಹೋಗಿ, ನಿಂತು, ಬಗ್ಗಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಮತ್ತೆ ಹೊರಟ ಹೆಂಗಸೂ ನನ್ನನ್ನು ದಾಟಿದಳು. ಬಹುಮಾನದ ಹೆಸರುಗಳನ್ನು ಹೇಳಲು ಶುರು ಮಾಡಿದ್ದ ಹೆಡ್‌ಮಾಸ್ಟರು ನನ್ನನ್ನು ನೋಡಿ ನಿಲ್ಲಿಸಿ, ಇನ್ನೊಬ್ಬ ತಾಯಿ ಬರುತ್ತಿದ್ದಾರೆ, ದಯವಿಟ್ಟು ಮೈದಾನ ಬಿಡಿ ಎಂದು ಮೈಕಿನಲ್ಲಿ ಮರ್ಯಾದೆಯಿಂದಲೇ ಹೇಳಿದರು. ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಸುಮ ತನ್ನ ಗೆಳತಿಯರ ನಡುವೆ ನಿಂತಿದ್ದಳು. ನನ್ನ ಹತ್ತಿರ ಬರಲಿಲ್ಲ. ನಾನು ಅದನ್ನು ಅವತ್ತು ಅಷ್ಟಾಗಿ ಗಮನಿಸಲಿಲ್ಲ, ನೀರು ಕುಡಿಯುವ ಅವಸರದಲ್ಲಿದ್ದೆ. ನಾಲ್ಕನೇ ಕ್ಲಾಸಿನ ದಸರಾ ರಜೆ ಮುಗಿದು ಸ್ಕೂಲು ಶುರುವಾದಾಗ, ಆಟೋಟಕ್ಕೆ ತಯಾರಿ ನಡೆಯುತ್ತಿದೆ ಎಂದು ಹೇಳುತ್ತಾ ಅವಳು ನನ್ನ ಮುಖ ನೋಡದೆ ಒಂದು ಮಾತು ಸೇರಿಸಿದಳು.

“ಅಮ್ಮ, ಈ ಸಲ ನೀನು ಓಡ್ಬೇಡ. ಬರೀ ನೋಡಕ್ಕೆ ಬಾ.”

ಬೈದಿದ್ದರೆ ತಿರುಗಿ ಬೈಯಬಹುದಾಗಿತ್ತು. ಅವಳು ನನಗೆ ನೋವಾಗದ ಹಾಗೆ ಮೆತ್ತಗೆ ಹೇಳಿದ್ದಳು, ಅದೇ ಜಾಸ್ತಿ ನೋವಾಯಿತು. ಆಯಿತು ಬಿಡು ಎಂದೆ. ಒಳಗೆ ಹೋಗಿ ಬೇಳೆ ಆರಿಸುತ್ತಾ ಕೂತವಳಿಗೆ ಕಲ್ಲು ಯಾವುದು ಬೇಳೆ ಯಾವುದು ಕಾಣಲಿಲ್ಲ. ಈ ವರ್ಷ ಓಡಿಯೇ ತೀರುವುದು, ಗೆಲ್ಲುವುದು ಬೇಡ, ಹೆಡ್‌ಮಾಸ್ಟರು ನನಗಾಗಿ ಮೈಕು ಹಿಡಿಯದಿದ್ದರೆ ಸಾಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಸುಮಳಿಗೆ ಹೇಳಲಿಲ್ಲ. ಹೇಳಿ ಮತ್ತೆ ಕೊನೆಯವಳಾಗಿ ಬಂದರೆ ಆ ಹುಡುಗಿ ಸ್ಕೂಲು ಬದಲಾಯಿಸಬೇಕಾದೀತು ಎಂದು ಭಯ.

ಮೊದಲಿಗೆ ಓಡುವುದನ್ನೇ ಅಭ್ಯಾಸ ಮಾಡೋಣವೆಂದು, ಬೆಳಿಗ್ಗೆ ಬಸ್ಸು ಬರುವುದಕ್ಕೆ ಮುಂಚೆಯೇ ಮನೆಯಿಂದ ಹೊರಟು ರಸ್ತೆಯ ಬದಿಯಲ್ಲಿ ಓಡತೊಡಗಿದೆ. ಆ ಕಾಲದಲ್ಲಿ ತುಮಕೂರು ರಸ್ತೆಯಲ್ಲಿ ಸೀರೆ ಉಟ್ಟ ಹೆಂಗಸು ಓಡಿದರೆ ಅದಕ್ಕೆ ಇದ್ದದ್ದು ಒಂದೇ ಅರ್ಥ, ಬಸ್ಸು ತಪ್ಪಿದೆ. ಸೈಕಲ್ಲಿನವರು ನಿಲ್ಲಿಸಿ, ಕೂತ್ಕೊಳಿ ಅಕ್ಕ, ಮುಂದಿನ ಸ್ಟಾಪಿಗೆ ಬಿಡ್ತೀನಿ ಎನ್ನುತ್ತಿದ್ದರು. ಚಹದ ಅಂಗಡಿಯವನು ರಸ್ತೆಯ ನಡುವೆ ನಿಂತು ಲಾರಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಒಂದು ದಿನವಂತೂ ನಮ್ಮದಲ್ಲದ ಇನ್ಯಾವುದೋ ಫ್ಯಾಕ್ಟರಿಯ ಬಸ್ಸು ನನ್ನನ್ನು ನೋಡಿ ನಿಂತೇಬಿಟ್ಟಿತು. ಡ್ರೈವರು ಕನ್ನಡಿಯಲ್ಲಿ ನೋಡುತ್ತಾ, ಬನ್ನಿ ಮೇಡಂ, ನಿಧಾನವಾಗಿ ಬನ್ನಿ ಎಂದು ಕಾಯುತ್ತಿದ್ದಾನೆ; ಬಸ್ಸಿನ ತುಂಬ ಜನ ಕಿಟಕಿಯಿಂದ ಇಣುಕಿ ನನ್ನನ್ನು ಹುರಿದುಂಬಿಸುತ್ತಿದ್ದಾರೆ. ಅಷ್ಟು ಜನರ ಒಳ್ಳೆಯತನವನ್ನು ಹೇಗೆ ನಿರಾಕರಿಸುವುದು? ಹತ್ತಿಕೊಂಡೆ. ನಮ್ಮ ಫ್ಯಾಕ್ಟರಿ ದಾಟಿ ಬಹಳ ಮುಂದೆ ಇಳಿದು, ವಾಪಸು ನಡೆದು ಬರುವಷ್ಟರಲ್ಲಿ ಹಾಜರಿಯ ಗೇಟು ಮುಚ್ಚಿತ್ತು. ರಸ್ತೆಯ ಓಟ ಅಲ್ಲಿಗೆ ಮುಗಿಯಿತು.

ಪಕ್ಕದ ಸ್ಟೂಲಿನ ಶಾಂತಾ ವಾರಪತ್ರಿಕೆಗಳ ಮಹಿಳಾ ಪುಟವನ್ನು ಬಿಡದೆ ಓದುವವಳು. ನಿಂಬೆಹಣ್ಣಿನ ಬಿಸಿನೀರಿನಿಂದ ಹಿಡಿದು ಹಗ್ಗದಾಟದವರೆಗೆ ಎಲ್ಲವನ್ನೂ ಹೇಳಿಕೊಟ್ಟಳು. ಹಗ್ಗದಾಟ ಒಂದೇ ದಿನ ನಡೆಯಿತು, ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು. ಕೊನೆಗೆ ಅವಳು, ಬೆಳಗಿನಿಂದ ಏನೇನು ತಿಂದಿರಿ ಹೇಳಿ ನೋಡೋಣ ಎಂದು ಲಾಯರಿನ ಹಾಗೆ ಕೇಳಿದಳು. ಎರಡು ದೋಸೆ ಎಂದೆ. ಅಷ್ಟೇನಾ ಎಂದಳು. ಅಷ್ಟೇ, ಮಕ್ಕಳದ್ದು ಸ್ವಲ್ಪ ಮಿಕ್ಕಿತ್ತು, ಅದು ಲೆಕ್ಕಕ್ಕಿಲ್ಲ ಎಂದೆ. ಮಿಕ್ಕಿದ್ದು ಏನು ಎಂದಳು. ನಾನು ನೆನಪು ಮಾಡಿಕೊಂಡು ಹೇಳುತ್ತಾ ಹೋದೆ. ಸುಮ ಬಿಟ್ಟ ಅರ್ಧ ದೋಸೆ, ರಘು ಕಚ್ಚಿ ಬಿಟ್ಟ ಒಂದು, ಅವನು ಮುಟ್ಟದೇ ಬಿಟ್ಟ ಇನ್ನೊಂದು, ಲೋಟದ ತಳದ ಹಾಲು, ನಿನ್ನೆ ರಾತ್ರಿಯ ಮೊಸರನ್ನ. ಹೇಳುತ್ತಾ ಹೋದಂತೆ ನನ್ನ ದನಿ ಇಳಿಯುತ್ತಾ ಬಂತು. ಶಾಂತಾ ಭೂತಗನ್ನಡಿ ತೆಗೆದು ನನ್ನನ್ನು ನೋಡಿದಳು. ಮತ್ತೆ ಅದನ್ನು ಸಿಕ್ಕಿಸಿಕೊಂಡು ತನ್ನ ಸ್ಪ್ರಿಂಗಿನ ಕಡೆ ಬಗ್ಗಿದಳು, ಅವಳು ಒಳ್ಳೆಯ ಹುಡುಗಿ.

ಕಾಯಿಲೆ ಗೊತ್ತಾಯಿತು. ಆದರೆ ಮಿಕ್ಕಿದ್ದನ್ನು ಎಸೆಯುವುದು ಹೇಗೆ? ಒಂದು ದಿನ ಧೈರ್ಯ ಮಾಡಿ ರಘುವಿನ ತಟ್ಟೆಯನ್ನು ತಿಪ್ಪೆಯವರೆಗೆ ಒಯ್ದು, ಅಜ್ಜಿ ಎಲ್ಲೋ ನಿಂತು ನೋಡುತ್ತಿದ್ದಾಳೆ ಅನ್ನಿಸಿ, ಅಲ್ಲೇ ನಿಂತು ತಿಂದು ವಾಪಸು ಬಂದೆ. ಆಗ ಹೊಳೆದದ್ದು ಕೆಂಪಿ. ಕೆಂಪಿ ನಮ್ಮ ಓನರು ಲಕ್ಕಮ್ಮನ ಹಸು. ಲಕ್ಕಮ್ಮ ಊರಿನ ಹಳೆಯ ಒಕ್ಕಲು. ಅವರ ಹೊಲದ ಮೇಲ್ಭಾಗ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದ ಜಾಗದಲ್ಲಿ ಸಾಲಾಗಿ ಮೂರು ಮನೆ ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಬಿಟ್ಟು, ತಾನು ಹಿಂದಿನ ಹಳೆಯ ಮನೆಯಲ್ಲೇ ಹಸು, ಕಣ, ಒಂದಿಷ್ಟು ರಾಗಿ ಹೊಲ ಇಟ್ಟುಕೊಂಡಿದ್ದಳು. ನಮ್ಮ ಮನೆಗಳ ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ ಎಲ್ಲ ಮೊದಲಿನಿಂದಲೂ ಅವಳ ಕಲಗಚ್ಚಿನ ಬಕೆಟ್ಟಿಗೇ ಹೋಗುತ್ತಿದ್ದವು. ಮಕ್ಕಳು ಬಿಟ್ಟದ್ದು ಮಾತ್ರ ಆ ಬಕೆಟ್ಟನ್ನು ಎಂದೂ ಕಂಡಿರಲಿಲ್ಲ, ದಾರಿಯಲ್ಲಿ ನಾನಿದ್ದೆನಲ್ಲ. ಇನ್ನು ಮೇಲೆ ಅದನ್ನೂ ಒಂದು ಡಬರಿಯಲ್ಲಿ ಹಾಕಿ ಕಳಿಸುವುದೆಂದು ಗೊತ್ತು ಮಾಡಿದೆ. ಅನ್ನವೂ ವ್ಯರ್ಥವಾಗದು, ನಾನೂ ಸಣ್ಣಗಾದೇನು, ಗೋಸೇವೆಯ ಪುಣ್ಯ ಬೇರೆ. ಇಷ್ಟು ಸುಲಭದ ದಾರಿ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮೊದಲನೆಯ ದಿನ ಡಬರಿ ಮನೆಗೆ ವಾಪಸು ಬಂದಾಗ ಅದರಲ್ಲಿ ಮೊಳಕೆ ಕಟ್ಟಿದ ಹುರುಳಿಕಾಳು ಇತ್ತು. ಇದೇಕೆಂದು ಕೇಳಿದ್ದಕ್ಕೆ ಲಕ್ಕಮ್ಮ, ಕೊಟ್ಟ ಪಾತ್ರೆಯನ್ನು ಖಾಲಿ ಹೇಗೆ ಕೊಡುವುದು, ಕೊಟ್ಟವರ ಮನೆಗೂ ಒಳ್ಳೆಯದಲ್ಲ, ನಮ್ಮ ಮನೆಗೂ ಒಳ್ಳೆಯದಲ್ಲ ಎಂದಳು. ಆ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಯಾರ ಪಾತ್ರೆಯನ್ನೂ ಖಾಲಿ ಕೊಟ್ಟವಳಲ್ಲ. ಆದರೆ ಅದು ಹಸುವಿನ ಡಬರಿಗೂ ಅನ್ವಯಿಸುತ್ತದೆ ಎಂದು ಯೋಚಿಸಿರಲಿಲ್ಲ. ಮರುದಿನ ಬೆಲ್ಲ ಬಂತು, ಆಮೇಲೆ ಅವರೆಕಾಯಿ, ಅದರ ಹಿಂದೆಯೇ ಬಿಸಿ ರಾಗಿರೊಟ್ಟಿ. ಅಷ್ಟರಲ್ಲಿ ನಮ್ಮ ಮನೆಯ ದೋಸೆ, ಮೊಸರನ್ನಗಳ ರುಚಿ ಹತ್ತಿದ ಕೆಂಪಿ ಗಟ್ಟಿ ಹಾಲು ಕೊಡತೊಡಗಿದಳು. ಲಕ್ಕಮ್ಮ ಡಬರಿಯಲ್ಲಿ ಬಾಳೆ ಎಲೆ ಹಾಸಿ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು ತಂದಳು.

“ನಿಮ್ಮನೆ ಅನ್ನ ತಿಂದು ಅಸ ಎಂಗಾಗೈತೆ ನೋಡವ್ವ. ಈ ಬೆಣ್ಣೇಲಿ ನಿಂದೂ ಪಾಲೈತೆ, ಬ್ಯಾಡ ಅನ್ಬ್ಯಾಡ.”

ಹೀಗೆ ನಾನು ಮುಂಬಾಗಿಲಿನಿಂದ ಅನ್ನವಾಗಿ ಹೊರಗೆ ಕಳಿಸಿದ್ದು ಹಿತ್ತಿಲ ಬಾಗಿಲಿನಿಂದ ಬೆಣ್ಣೆಯಾಗಿ ವಾಪಸು ಬರತೊಡಗಿತು. ರೊಟ್ಟಿಗೆ ಬೆಣ್ಣೆ ಹಚ್ಚಿ ಮಕ್ಕಳಿಗೆ ಕೊಟ್ಟರೆ ಅವರು ತಮ್ಮ ಪದ್ಧತಿಯಂತೆ ಅರ್ಧ ತಿಂದು ಅರ್ಧ ಬಿಡುತ್ತಿದ್ದರು. ದೋಸೆಯನ್ನು ಹಸುವಿಗೆ ಕೊಡಬಹುದು. ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿಯನ್ನು ಕೊಡುವಷ್ಟು ವೈರಾಗ್ಯ ನನ್ನಲ್ಲಿರಲಿಲ್ಲ. ಅವರೆಯ ಹಿತಕಿದ ಬೇಳೆ ಸಾರಿನ ಕಾಲ ಬೇರೆ. ಫ್ಯಾಕ್ಟರಿಯಲ್ಲಿ ಹಾಕಿಕೊಳ್ಳುವ ನೀಲಿ ಕೋಟಿನ ನಡುವಿನ ಗುಂಡಿ ಒಂದು ದಿನ ಕಿತ್ತು ಹಾರಿ ಶಾಂತಾಳ ಮೇಜಿನ ಮೇಲೆ ಬಿತ್ತು. ಅವಳು ಅದನ್ನು ಚಿಮಟದಿಂದ ಎತ್ತಿ ನನ್ನ ಕೈಗೆ ಕೊಟ್ಟಳು. ಆಟೋಟದ ದಿನ ಹತ್ತಿರ ಬರುತ್ತಿತ್ತು, ನಾನು ಹೊರಟ ಜಾಗಕ್ಕಿಂತ ಹಿಂದೆ ಹೋಗಿದ್ದೆ.

ಇದಕ್ಕೆ ಒಂದೇ ಉಪಾಯವೆಂದರೆ ಡಬರಿಯನ್ನು ಲಕ್ಕಮ್ಮನ ಕೈಗೆ ಸಿಗದಂತೆ ನೋಡಿಕೊಳ್ಳುವುದು. ಬೆಳಿಗ್ಗೆ ಅವಳು ಹಾಲು ಹಾಕಲು ಹೋದ ಹೊತ್ತು ನೋಡಿ, ಕೊಟ್ಟಿಗೆಗೆ ನುಗ್ಗಿ, ಕೆಂಪಿಯ ಬಾನಿಗೆ ಸುರಿದು, ಖಾಲಿ ಡಬರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದೆ. ಕದ್ದು ತಿನ್ನುವವರ ವಿಷಯ ಕೇಳಿದ್ದೇವೆ, ಕದ್ದು ತಿನ್ನಿಸುವವಳು ನಾನೊಬ್ಬಳೇ ಇರಬೇಕು. ಕೆಲವು ದಿನ ಸಲೀಸಾಗಿ ನಡೆಯಿತು. ಆಮೇಲೊಂದು ಭಾನುವಾರ ಮಧ್ಯಾಹ್ನ ಲಕ್ಕಮ್ಮ ನಮ್ಮ ಮನೆಗೆ ಬಂದು, ಯಾವಾಗಲೂ ಒಳಗೆ ಬಂದು ಕೂರುವವಳು ಹೊಸಿಲಿನ ಆಚೆಯೇ ಕೂತಳು. ಕಾಫಿ ಬೇಡವೆಂದಳು. ನೇರವಾಗಿ ಮಾತಿಗೆ ಬಂದಳು.

“ಏನವ್ವ, ನಮ್ಮನೇದು ತಿನ್ನಕ್ಕೆ ಆಗಲ್ಲ ಅಂದ್ರೆ ಬಾಯ್ಬಿಟ್ಟು ಏಳು. ಇಂಗ್ ಕಳ್ಳಿ ತರ ಯಾಕ್ ಬರ್ತೀಯ? ಕೊಟ್ಟಿಗೇಲಿ ಯಾರೋ ಅವ್ರೆ ಅಂತ ನಾನ್ ದೊಣ್ಣೆ ತಕಂಡಿದ್ದೆ.”

ದೊಣ್ಣೆಗಿಂತ ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಕಣ್ಣು ತುಂಬಿತ್ತು. ಬಾಡಿಗೆಗೆ ಇರುವ ಪೇಟೆಯ ಹೆಂಗಸು ತನ್ನ ಕೈಯ ಪದಾರ್ಥಕ್ಕೆ ಅಸಹ್ಯ ಪಡುತ್ತಿದ್ದಾಳೆ ಎಂದು ಅವಳು ತಿಳಿದಿದ್ದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವಳ ಪಕ್ಕದಲ್ಲೇ ಹೊಸಿಲಿನ ಮೇಲೆ ಕೂತು ಎಲ್ಲ ಹೇಳಿದೆ. ಹೋದ ವರ್ಷದ ಓಟ, ಹೆಡ್‌ಮಾಸ್ಟರ ಮೈಕು, ಮಗಳು ಆಡಿದ ಮಾತು. ನಗುನಗುತ್ತಾ ಹೇಳಿ ಮುಗಿಸೋಣವೆಂದು ಶುರು ಮಾಡಿದವಳಿಗೆ ಕೊನೆಗೆ ನಗು ಉಳಿಯಲಿಲ್ಲ.

“ನನ್ನಿಂದ ಅವಳಿಗೆ ಅವಮಾನ ಆಯ್ತು ಲಕ್ಕಮ್ಮ. ನಾನು ಅವಳ ಅಮ್ಮ ಅಂತ ಹೇಳ್ಕೊಳಕ್ಕೆ ಅವಳಿಗೆ ನಾಚಿಕೆ ಆಗ್ಬಾರ್ದು, ಅಷ್ಟೇ ನಂಗೆ ಬೇಕಾಗಿರೋದು.”

ಲಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಓಡುವುದಾದರೆ ನಮ್ಮ ಕಣ ಖಾಲಿ ಬಿದ್ದಿದೆ, ಒಕ್ಕಣೆ ಮುಗಿದು ನೆಲ ಗಟ್ಟಿಯಾಗಿದೆ, ಅಲ್ಲಿ ಓಡು. ರಸ್ತೆಯಲ್ಲಿ ಓಡಿ ಬಸ್ಸಿನವರಿಗೆ ಯಾಕೆ ತೊಂದರೆ ಕೊಡುತ್ತೀಯ ಎಂದಳು. ಬಸ್ಸಿನ ವಿಷಯ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅಂದರೆ ಊರಿಗೆಲ್ಲ ಗೊತ್ತಿತ್ತು. ಆಮೇಲೆ ಅವಳು ಕಾಫಿ ಕೇಳಿ ಕುಡಿದಳು. ಲೋಟ ಒಳಗಿಡಲು ಹೋದಾಗ ನೋಡಿದೆ, ಸುಮ ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮರುದಿನ ಬೆಳಿಗ್ಗೆ ಅವಳ ತಟ್ಟೆಗೆ ಎರಡನೆಯ ದೋಸೆ ಹಾಕಲು ಹೋದಾಗ ಕೈ ಅಡ್ಡ ಹಿಡಿದು, ಒಂದೇ ಸಾಕು, ಬೇಕಾದರೆ ಕೇಳುತ್ತೇನೆ ಎಂದಳು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ತಾಯಿಯಾದವಳ ಕೈಗೆ ಕಡಿಮೆ ಬಡಿಸುವುದು ಬರುವುದಿಲ್ಲ. ಮಕ್ಕಳು ಸ್ಕೂಲಿನಲ್ಲಿ ಹಸಿದಾರು ಎಂಬ ಭಯಕ್ಕೆ ಇಮ್ಮಡಿ ಬಡಿಸಿ, ಆ ಇಮ್ಮಡಿಯನ್ನು ತಾನೇ ತಿನ್ನುತ್ತಾಳೆ. ಸುಮ ತನ್ನ ತಟ್ಟೆಯನ್ನು ಬಳಿದಳು, ಪಲ್ಯದ ಕ್ಯಾರೆಟ್ಟು ಸಮೇತ. ಅಷ್ಟಕ್ಕೇ ಬಿಡದೆ ರಾತ್ರಿ ಊಟದಲ್ಲಿ ತಮ್ಮನ ಪಕ್ಕದಲ್ಲಿ ಮಾನಿಟರಿನ ಹಾಗೆ ಕೂತು, ಅವನ ಗುಡ್ಡ ಕೆರೆಗಳನ್ನೆಲ್ಲ ತಿನ್ನಿಸಿಯೇ ಎಬ್ಬಿಸಿದಳು. ಸಂಜೆ ನಾನು ಫ್ಯಾಕ್ಟರಿಯಿಂದ ಬಂದು ಕಣದಲ್ಲಿ ಸುತ್ತು ಹಾಕುವಾಗ ಅವಳೂ ಬಂದು, ಉಸಿರು ಮೂಗಿನಲ್ಲಿ ತೊಗೋ, ಕೈ ಬೀಸು ಎಂದು ತನ್ನ ಪಿ.ಟಿ. ಮೇಷ್ಟರು ಹೇಳಿದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. ಲಕ್ಕಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದಳು. ಡಬರಿಯಲ್ಲಿ ಕಳಿಸಲು ಏನೂ ಮಿಗುತ್ತಿರಲಿಲ್ಲವಾದ್ದರಿಂದ ಬೆಣ್ಣೆಯೂ ನಿಂತಿತ್ತು. ಕೆಂಪಿ ಮಾತ್ರ ನನ್ನನ್ನು ಕಂಡಾಗಲೆಲ್ಲ ಕತ್ತು ಚಾಚಿ ಕೂಗುತ್ತಿದ್ದಳು, ಅವಳಿಗೆ ಉತ್ತರ ಹೇಳುವುದೇ ಕಷ್ಟವಾಯಿತು.

ಆಟೋಟದ ದಿನ ಸೀರೆಯನ್ನು ಎತ್ತಿ ಸಿಕ್ಕಿಸಿ ಸುಣ್ಣದ ಗೆರೆಯ ಮೇಲೆ ನಿಂತೆ. ಸೀಟಿ ಊದಿದರು. ಮುಂದೆ ಯಾರಿದ್ದರು, ಪಕ್ಕದಲ್ಲಿ ಯಾರಿದ್ದರು ಒಂದೂ ನೆನಪಿಲ್ಲ; ಉಸಿರು ಮೂಗಿನಲ್ಲಿ ತೆಗೆದುಕೊಂಡದ್ದು ಮಾತ್ರ ನೆನಪಿದೆ. ಆಚೆ ಗೆರೆ ದಾಟಿ ತಿರುಗಿ ನೋಡಿದರೆ ನನ್ನ ಹಿಂದೆ ಇನ್ನೂ ಹೆಂಗಸರು ಬರುತ್ತಿದ್ದರು. ಒಬ್ಬರಲ್ಲ, ಹಲವರು. ಹೆಡ್‌ಮಾಸ್ಟರು ಗೆದ್ದವರ ಹೆಸರು ಹೇಳಿದರು, ನನ್ನ ವಿಷಯ ಎತ್ತಲೇ ಇಲ್ಲ. ಯಾರ ಗಮನಕ್ಕೂ ಬಾರದೆ ನಡುವಿನಲ್ಲಿ ಬಂದು ಸೇರುವುದು ಇಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ. ಸುಮ ನೀರಿನ ಬಾಟಲಿ ಹಿಡಿದುಕೊಂಡು ಗೆಳತಿಯರ ಗುಂಪನ್ನೇ ಎಳೆದುಕೊಂಡು ಬಂದಳು. ಇವರೇ ನಮ್ಮಮ್ಮ ಎಂದು ಒಬ್ಬೊಬ್ಬರಿಗೂ ತೋರಿಸಿದಳು. ಅವರಿಗೆಲ್ಲ ಅದು ಮೊದಲೇ ಗೊತ್ತಿತ್ತು. ನನಗೆ ಕೇಳಬೇಕಾಗಿತ್ತು, ಕೇಳಿದೆ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಸೆರಗನ್ನು ಬಹಳ ಹೊತ್ತು ಕಣ್ಣಿಗೆ ಹಿಡಿದುಕೊಂಡಿದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಓಟ ಮುಗಿದರೂ ಸುಮಳ ಶಿಸ್ತು ಮುಗಿಯಲಿಲ್ಲ. ದಿನವೂ ಎರಡು ತಟ್ಟೆಗಳು ತೊಳೆದಿಟ್ಟಂತೆ ಬಚ್ಚಲಿಗೆ ಬರುತ್ತಿದ್ದವು. ನೀಲಿ ಕೋಟಿನ ಗುಂಡಿ ತಾನೇ ತಾನಾಗಿ ಕೂರುತ್ತಿತ್ತು, ಶಾಂತಾ ಮೆಚ್ಚಿದಳು, ಯಜಮಾನರೂ ಗೇಟಿನ ಹತ್ತಿರ ಬೀಗದ ಕೈ ತೆಗೆದುಕೊಳ್ಳುವಾಗ ಒಮ್ಮೆ ನಿಂತು ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಬೆಳಿಗ್ಗೆ ಆ ಖಾಲಿ ತಟ್ಟೆಗಳನ್ನು ಎತ್ತುವಾಗ ನನ್ನ ಕೈ ಅಭ್ಯಾಸಬಲದಿಂದ ಅದರ ತಳ ಸವರಿ, ಏನೂ ಸಿಗದೆ, ಪೆಚ್ಚಾಗಿ ವಾಪಸು ಬರುತ್ತಿತ್ತು. ಎರಡು ದೋಸೆ ತಿಂದರೂ ಊಟವಾಯಿತು ಅನ್ನಿಸುತ್ತಿರಲಿಲ್ಲ. ರಘುವಿನ ಹಲ್ಲಿನ ಗುರುತಿರುವ ದೋಸೆಗೆ ಇರುವ ರುಚಿ ಇಡೀ ದೋಸೆಗೆ ಇಲ್ಲವೆಂದು ಯಾರಿಗೆ ಹೇಳಿಕೊಳ್ಳಲಿ? ಇನ್ನು ಸ್ವಲ್ಪ ವರ್ಷಕ್ಕೆ ಇವರು ತಾವೇ ಬಡಿಸಿಕೊಂಡು, ತಾವೇ ತಟ್ಟೆ ತೊಳೆದಿಟ್ಟು ಹೋಗುತ್ತಾರೆ ಎಂಬುದು ಯಾಕೋ ಆ ಬೆಳಗಿನ ಅವಸರದಲ್ಲೇ ನೆನಪಾಗುತ್ತಿತ್ತು. ಹೀಗಿರುವಾಗ ಒಂದು ದಿನ ರಘು ಸಾಕು ಎಂದು ಕೈ ತೋರಿಸಿದ ಮೇಲೂ, ಬಿಸಿಯಾಗಿದೆ, ತಿನ್ನು ಎಂದು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಸುಮ ಚೀಲ ಹೆಗಲಿಗೆ ಏರಿಸುತ್ತಿದ್ದವಳು ನಿಂತು ನನ್ನನ್ನೇ ನೋಡಿದಳು.

“ಅಮ್ಮ, ಅದು ಅವನಿಗಾ, ನಿಂಗಾ?”

ಅವನಿಗೇ ಕಣೇ ಎಂದೆ. ಅವನು ಅರ್ಧ ಬಿಟ್ಟ.